ಹೆಸರಿಲ್ಲದವರ ಭಾವಚಿತ್ರ: ಸುಧೀರ್ ಪಟವರ್ಧನರ ಚಿತ್ರಪ್ರದರ್ಶನಗಳ ಚಾರಿತ್ರಿಕ ಅವಲೋಕನ

೧

ವ್ಯಕ್ತಿಯೊಬ್ಬನ ಮುಖಲಕ್ಷಣವನ್ನು ಹೋಲುವಂತೆ ಬರೆದ ಅಥವಾ ತೆಗೆದ ಚಿತ್ರವನ್ನು ಕನ್ನಡದಲ್ಲಿ ನಾವು 'ಭಾವಚಿತ್ರ' ಎನ್ನುತ್ತೇವೆ. ಅರ್ಜಿ ನಮೂನೆಗಳಲ್ಲಿ ಅಂಟಿಸಬೇಕಾದ ಚಿಕ್ಕ ಛಾಯಾಚಿತ್ರಕ್ಕೂ ಸಭಾಭವನದ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತಿರುವ ದಾನಿಗಳ ತೈಲಚಿತ್ರಕ್ಕೂ ಇದೊಂದೇ ಪದ ಸಾಲುತ್ತದೆ. ನೆರೆಯ ಮರಾಠಿಯಲ್ಲಿ ಇಂಥ ಚಿತ್ರಕ್ಕೆ 'ವ್ಯಕ್ತಿಚಿತ್ರ' ಎಂಬ ಮಾತು ರೂಢಿಯಲ್ಲಿದೆ. ಕನ್ನಡದಲ್ಲಾದರೋ ಆ ಪದವು ಬಹುಮಟ್ಟಿಗೆ ಗದ್ಯದಲ್ಲಿ ಬರೆದ ಚಿತ್ರಣಕ್ಕೆ ಮೀಸಲಾಗಿದೆ. ಕುಂಚದಿಂದ ಮೂಡಿದ ಹೋಲಿಕೆಯನ್ನು ಕನ್ನಡ 'ಭಾವ'ದ ಕಡೆಗೂ ಮರಾಠಿ 'ವ್ಯಕ್ತಿ'ಯ ಕಡೆಗೂ ಸೇರಿಸಿವೆ.

ಈ ಪದಕ್ಕೆ ಕನ್ನಡ ನೆಲದಲ್ಲಿಯೇ ರಚಿತವಾದ ಒಂದು ಶಾಸ್ತ್ರಗ್ರಂಥದಲ್ಲಿ ಬೇರೆಯದೇ ಅರ್ಥವಿದ್ದುದನ್ನು ಇಲ್ಲಿ ನೆನೆಯಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ೧೧೩೦ರ ಸುಮಾರಿಗೆ ಸಿದ್ಧವಾಯಿತು. ಅದರಲ್ಲಿ ಚಿತ್ರಗಳನ್ನು ವಿದ್ಧ, ಅವಿದ್ಧ, ಭಾವ, ರಸ, ಧೂಳಿ ಎಂದು ಐದಾಗಿ ವಿಂಗಡಿಸಲಾಗಿದೆ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಂತೆ ಸಾದೃಶ್ಯವನ್ನು ಮೂಡಿಸಿದ್ದು ವಿದ್ಧಚಿತ್ರ. ಆಕಾರಮಾತ್ರವನ್ನು ಹಿಡಿದದ್ದು ಅವಿದ್ಧ. ನೋಡಿದೊಡನೆ ಶೃಂಗಾರಾದಿ ರಸಗಳ ಅರಿವಾಗುವಂಥದು ಭಾವಚಿತ್ರ. ಉಳಿದೆರಡು ಬಣ್ಣದ ಬಗೆಯನ್ನು, ಎಂದರೆ ದ್ರವವರ್ಣವೋ ಪುಡಿಯೋ ಎಂಬುದನ್ನು ಅನುಸರಿಸಿದ ವಿಭಾಗಗಳು. ಈ ಲೆಕ್ಕದಲ್ಲಿ ಇಂದು ನಾವು ಭಾವಚಿತ್ರವೆನ್ನುವುದು ಸೋಮೇಶ್ವರನಿಗೆ ವಿದ್ಧಚಿತ್ರವಾಗಿತ್ತು. ಹೋಲಿಕೆಯೇ ಒಂದು, ಭಾವವೇ ಇನ್ನೊಂದು ಎಂದು ಹನ್ನೆರಡನೆಯ ಶತಮಾನದ ಶಾಸ್ತ್ರಕಾರನು ಬಿಡಿಸಿಟ್ಟದ್ದನ್ನು ಆಧುನಿಕ ಕನ್ನಡವು ಒಂದೇ ಪದದಲ್ಲಿ ಕೂಡಿಸಿಬಿಟ್ಟಿದೆ.

ಮುಂಬಯಿಯ ಚಿತ್ರಕಾರ ಸುಧೀರ್ ಪಟವರ್ಧನರ ಮಾನವಾಕೃತಿಪ್ರಧಾನ ಪ್ರದರ್ಶನಗಳನ್ನು, ವಿಶೇಷವಾಗಿ ೧೯೭೯, ೧೯೮೧ ಮತ್ತು ೨೦೧೯ರಲ್ಲಿ ನಡೆದ ಮೂರನ್ನು, ಈ ಭೇದದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಲಾವಿಮರ್ಶೆ ನಮ್ಮ ಕ್ಷೇತ್ರವಲ್ಲ. ಹೊರನಾಡಿನಲ್ಲಿ ಕನ್ನಡಿಗರ ಚರಿತ್ರೆಯನ್ನು ಅರಸುವವರಿಗೆ ಈ ಚಿತ್ರಗಳು ಎತ್ತುವ ಒಂದು ಪ್ರಶ್ನೆ ತೀರ ಹತ್ತಿರದ್ದೆಂದು ತೋರಿದ್ದರಿಂದ ಈ ವಿಷಯವನ್ನು ಕೈಗೆತ್ತಿಕೊಂಡಿದ್ದೇವೆ. ಯಾರ ಚಿತ್ರ ಉಳಿಯುತ್ತದೆ, ಯಾರ ಹೆಸರು ಉಳಿಯುತ್ತದೆ ಎಂಬುದೇ ಆ ಪ್ರಶ್ನೆ.

೨

ಮಾನವಾಕೃತಿಯ ಚರಿತ್ರೆಯಲ್ಲಿ ಹೆಸರು, ಮುಖ, ವೃತ್ತಿ ಈ ಮೂರೂ ಒಟ್ಟಿಗೆ ಸೇರಿದ್ದು ಅಪರೂಪ. ನಮ್ಮ ವೀರಗಲ್ಲುಗಳನ್ನೇ ನೋಡಬಹುದು. ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದ ಸಾಮಾನ್ಯನಿಗೂ ಶಾಸನದಲ್ಲಿ ಹೆಸರುಂಟು, ಊರುಂಟು, ಕೆಲವೊಮ್ಮೆ ತಂದೆಯ ಹೆಸರೂ ಉಂಟು. ಆದರೆ ಮೇಲೆ ಕಡೆದ ಆಕೃತಿಯು ಯಾವುದೇ ವೀರನದಾಗಿರಬಹುದಾದ ಸಾಮಾನ್ಯ ರೂಪ. ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ನಡುಭಾಗದ ಆತಕೂರು ಶಿಲೆಯು ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೂ ಕಾಪಾಡಿದೆ. ನಾಯಿಗೂ ಹೆಸರು ಕೊಟ್ಟ ಸಂಪ್ರದಾಯ ಇದು. ಆದರೂ ಮುಖದ ವೈಶಿಷ್ಟ್ಯವನ್ನು ಅದು ಬೇಡಲಿಲ್ಲ, ಏಕೆಂದರೆ ಅಲ್ಲಿ ಸ್ಮರಣೆಯ ಹೊಣೆಯನ್ನು ಹೊತ್ತಿದ್ದುದು ಅಕ್ಷರ. ಅರಸರ ವಿಷಯದಲ್ಲಿಯೂ ಈ ಕ್ರಮ ಪೂರ್ತಿ ಬದಲಾಗಲಿಲ್ಲ. ತಿರುಮಲೆಯಲ್ಲಿರುವ ಕೃಷ್ಣದೇವರಾಯ ಮತ್ತು ಅವನ ಇಬ್ಬರು ರಾಣಿಯರ ಲೋಹಪ್ರತಿಮೆಗಳ ಮೇಲೆ ಅವರವರ ಹೆಸರುಗಳನ್ನು ಕೊರೆಯಲಾಗಿದೆ. ಪ್ರತಿಮೆಯ ಮುಖವೊಂದೇ ಗುರುತಿಗೆ ಸಾಲದೆಂದು ಕಂಡಿತೋ ಏನೋ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಮತೋಲ ತಪ್ಪಿತು. ೧೮೫೭ರಲ್ಲಿ ಆರಂಭವಾದ ಮುಂಬಯಿಯ ಜೆ. ಜೆ. ಕಲಾಶಾಲೆಯಂಥ ಸಂಸ್ಥೆಗಳ ಮೂಲಕ ಯುರೋಪಿನ ತೈಲವರ್ಣಪದ್ಧತಿ ನಮ್ಮಲ್ಲಿ ಬೇರೂರಿತು. ರಾಜಾ ರವಿವರ್ಮನು (೧೮೪೮–೧೯೦೬) ಮೈಸೂರು, ಬರೋಡೆಗಳ ಅರಸುಮನೆತನಗಳಿಗಾಗಿ ಬರೆದ ಚಿತ್ರಗಳಲ್ಲಿ ಹೆಸರೂ ಮುಖವೂ ಪದವಿಯೂ ಒಂದಾದವು. ಬಟ್ಟೆಯ ನೇಯ್ಗೆ, ಆಭರಣದ ಹೊಳಪು, ಕೈಯಿಟ್ಟ ಮೇಜು ಇವೆಲ್ಲ ಆ ಪದವಿಯ ಸಾಕ್ಷಿಗಳಾದವು. ಅದೇ ಕಾಲದಲ್ಲಿ ಸಾಮಾನ್ಯರ ಮುಖಗಳೂ ದಾಖಲಾದವು, ಆದರೆ ಬೇರೊಂದು ಉದ್ದೇಶಕ್ಕಾಗಿ. ವಸಾಹತುಶಾಹಿ ಸರಕಾರದ ಆಶ್ರಯದಲ್ಲಿ ೧೮೬೮ರಿಂದ ೧೮೭೫ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ 'ದ ಪೀಪಲ್ ಆಫ್ ಇಂಡಿಯಾ' ಎಂಬ ಛಾಯಾಚಿತ್ರ ಸಂಕಲನದಲ್ಲಿ ಬಹುತೇಕ ಮುಖಗಳ ಕೆಳಗೆ ಇರುವುದು ಜಾತಿಯ, ಬುಡಕಟ್ಟಿನ ಅಥವಾ ಕಸುಬಿನ ಹೆಸರು. ಛಾಯಾಯಂತ್ರವು ಮುಖದ ರೇಖೆಯನ್ನೂ ಬಿಡದೆ ಹಿಡಿದಿತ್ತು. ಆದರೂ ಆ ಮುಖವು ಒಬ್ಬ ವ್ಯಕ್ತಿಯದಾಗದೆ ಒಂದು ವರ್ಗದ ಮಾದರಿಯಾಯಿತು.

ವೀರಗಲ್ಲಿನಲ್ಲಿ ಹೆಸರಿದ್ದು ಮುಖವಿರಲಿಲ್ಲ. ಈ ಸಂಪುಟಗಳಲ್ಲಿ ಮುಖವಿದ್ದು ಹೆಸರಿಲ್ಲದಾಯಿತು. ಇಪ್ಪತ್ತನೆಯ ಶತಮಾನದ ಭಾರತೀಯ ಚಿತ್ರಕಲೆ ಸಾಮಾನ್ಯ ಮನುಷ್ಯನನ್ನು ಬರೆಯಲು ಹೊರಟಾಗ ಅದರ ಮುಂದಿದ್ದ ಆಸ್ತಿಯೂ ತೊಡಕೂ ಇದೇ ಆಗಿತ್ತು.

೩

ಮುಂಬಯಿಯ ಕಲಾಚರಿತ್ರೆಯಲ್ಲಿ ಕನ್ನಡಿಗರ ಪಾಲನ್ನು ಹೇಳುವಾಗ ಮೊದಲು ಬರುವ ಹೆಸರು ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರದು. ೧೯೩೮ರಲ್ಲಿ ಜೆ. ಜೆ. ಕಲಾಶಾಲೆಯಿಂದ ಡಿಪ್ಲೊಮಾ ಪಡೆದು, ಮುಂದೆ ಕೆಲವು ವರ್ಷ ಅಲ್ಲಿಯೇ ಅಧ್ಯಾಪಕರಾಗಿದ್ದ ಹೆಬ್ಬಾರರು ದುಡಿಯುವವರನ್ನೂ ಹಳ್ಳಿಗರನ್ನೂ ವಿಪುಲವಾಗಿ ಬರೆದರು. ಆದರೆ ಅವರ ಒಲವು ಮುಖಕ್ಕಿಂತ ಚಲನೆಯ ಕಡೆಗಿತ್ತು. ನೃತ್ಯದ ಲಯವನ್ನು ಹಿಡಿಯುವ ಅವರ ರೇಖೆಯಲ್ಲಿ ವ್ಯಕ್ತಿ ಕರಗಿ ಲಯ ಉಳಿಯುತ್ತದೆ. ಮಾನಸೋಲ್ಲಾಸದ ಮಾತಿನಲ್ಲಿ ಹೇಳುವುದಾದರೆ ಹೆಬ್ಬಾರರದು ಭಾವದ ದಾರಿ; ವಿದ್ಧಕ್ಕೆ ಅಲ್ಲಿ ಎರಡನೆಯ ಸ್ಥಾನ.

೧೯೬೦ರ ದಶಕದ ಹೊತ್ತಿಗೆ ಮಹಾನಗರದ ಗ್ಯಾಲರಿಗಳಲ್ಲಿ ಅಮೂರ್ತ ಚಿತ್ರಕಲೆಗೆ ಹೆಚ್ಚಿನ ಗೌರವ ದೊರೆಯಿತು. ಮನುಷ್ಯಾಕೃತಿಯನ್ನು ಬರೆಯುವುದು ಹಳೆಯ ಕಾಲದ ರೂಢಿಯೆಂಬ ಭಾವನೆಯೂ ಬೆಳೆಯಿತು. ಇದಕ್ಕೆ ಎದುರಾಗಿ ನಿಂತವರಲ್ಲಿ ಬರೋಡೆಯಲ್ಲಿ ನೆಲೆಸಿದ್ದ ಭೂಪೇನ್ ಖಖ್ಖರ್ ಪ್ರಮುಖರು. ಲೆಕ್ಕಪರಿಶೋಧಕರಾಗಿ ಜೀವನ ನಡೆಸುತ್ತಿದ್ದ ಅವರು ೧೯೭೨ರಲ್ಲಿ ಕ್ಷೌರದಂಗಡಿ, ಗಡಿಯಾರ ರಿಪೇರಿಯ ಅಂಗಡಿ, ದರ್ಜಿಯ ಅಂಗಡಿ ಇವುಗಳನ್ನು ವಿಷಯವಾಗಿಟ್ಟುಕೊಂಡು ಚಿತ್ರಗಳನ್ನು ರಚಿಸಿದರು. ಅಂಗಡಿಯ ಫಲಕ, ಬೀದಿಯ ಕ್ಯಾಲೆಂಡರು ಇವುಗಳ ಶೈಲಿಯನ್ನೇ ಒಳಗು ಮಾಡಿಕೊಂಡ ಈ ಚಿತ್ರಗಳಲ್ಲಿ ಸಣ್ಣ ಕಸುಬುದಾರನು ಕ್ಯಾನ್ವಾಸಿನ ನಾಯಕನಾದನು. ಪಟವರ್ಧನರ ಕೃಷಿಯನ್ನು ಈ ಬೆಳವಣಿಗೆಯ ಮುಂದುವರಿಕೆಯಾಗಿಯೂ ಅದಕ್ಕಿಂತ ಭಿನ್ನವಾದ ಹಾದಿಯಾಗಿಯೂ ನೋಡಬೇಕಾಗುತ್ತದೆ.

೪

ಸುಧೀರ್ ಪಟವರ್ಧನರು ೧೯೪೯ರಲ್ಲಿ ಪುಣೆಯಲ್ಲಿ ಜನಿಸಿದರು. ಅಲ್ಲಿನ ಸಶಸ್ತ್ರಪಡೆಗಳ ವೈದ್ಯಕೀಯ ಕಾಲೇಜಿನಿಂದ ೧೯೭೨ರಲ್ಲಿ ಪದವಿ ಪಡೆದು, ಮರುವರ್ಷ ಮುಂಬಯಿಗೆ ಬಂದು, ೧೯೭೫ರಿಂದ ೨೦೦೫ರವರೆಗೆ ಠಾಣೆಯಲ್ಲಿ ಕ್ಷ-ಕಿರಣ ತಜ್ಞರಾಗಿ ವೃತ್ತಿ ನಡೆಸಿದರು. ಕಲಾಶಾಲೆಯ ಪದವಿ ಅವರಿಗಿಲ್ಲ. ಎಪ್ಪತ್ತರ ದಶಕದ ಮಾರ್ಕ್ಸ್‌ವಾದಿ ಚಿಂತನೆಯ ಸಂಪರ್ಕ, ಸೆಜಾನ್ ಮತ್ತು ಲೆಜೆರ್ ಮೊದಲಾದವರ ಅಭ್ಯಾಸ, ಪ್ರತಿದಿನ ರೋಗಿಗಳ ದೇಹವನ್ನು ಪರೀಕ್ಷಿಸುವ ಕಾಯಕ ಈ ಮೂರೂ ಸೇರಿ ಅವರ ದೃಷ್ಟಿಯನ್ನು ರೂಪಿಸಿದವು.

ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದದ್ದು ೧೯೭೯ರಲ್ಲಿ, ದೆಹಲಿಯ ಆರ್ಟ್ ಹೆರಿಟೇಜ್ ಗ್ಯಾಲರಿಯಲ್ಲಿ. ಅದನ್ನು ನಡೆಸುತ್ತಿದ್ದ ಇಬ್ರಾಹಿಂ ಅಲ್ಕಾಜಿಯವರು ಗಿರೀಶ ಕಾರ್ನಾಡರ 'ತುಘಲಕ್' ನಾಟಕವನ್ನು ದೆಹಲಿಯಲ್ಲಿ ನಿರ್ದೇಶಿಸಿದವರೆಂದು ಕನ್ನಡಿಗರಿಗೆ ಪರಿಚಿತರು. ಮುಂಬಯಿಯ ಹೊರವಲಯದ ದುಡಿಮೆಗಾರರು ಹೀಗೆ ಮೊದಲು ರಾಜಧಾನಿಯ ಗೋಡೆಯ ಮೇಲೆ ಕಾಣಿಸಿಕೊಂಡರು. 'ಇರಾನಿ ರೆಸ್ಟೋರೆಂಟ್' (೧೯೭೭), 'ರನ್ನಿಂಗ್ ವುಮನ್' (೧೯೭೭) ಮುಂತಾದ ಈ ಅವಧಿಯ ಕೃತಿಗಳ ಶೀರ್ಷಿಕೆಗಳನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಲ್ಲಿರುವುದು ಸ್ಥಳದ ಹೆಸರು ಅಥವಾ ಕ್ರಿಯೆಯ ಹೆಸರು. ವ್ಯಕ್ತಿಯ ಹೆಸರೂ ಇಲ್ಲ, ಜಾತಿಯ ಹೆಸರೂ ಇಲ್ಲ.

೧೯೮೧ರಲ್ಲಿ ಮುಂಬಯಿಯ ಜಹಾಂಗೀರ್ ಕಲಾಗ್ಯಾಲರಿ ಮತ್ತು ದೆಹಲಿಯ ರವೀಂದ್ರ ಭವನಗಳಲ್ಲಿ 'ಪ್ಲೇಸ್ ಫಾರ್ ಪೀಪಲ್' ಎಂಬ ಸಮೂಹ ಪ್ರದರ್ಶನ ಏರ್ಪಟ್ಟಿತು. ಭೂಪೇನ್ ಖಖ್ಖರ್, ಗುಲಾಂಮೊಹಮ್ಮದ್ ಶೇಖ್, ವಿವಾನ್ ಸುಂದರಂ, ನಳಿನಿ ಮಲಾನಿ, ಜೋಗೆನ್ ಚೌಧುರಿ, ಸುಧೀರ್ ಪಟವರ್ಧನ ಈ ಆರು ಜನರ ಕೃತಿಗಳು ಅದರಲ್ಲಿದ್ದವು. ವಿಮರ್ಶಕಿ ಗೀತಾ ಕಪೂರ್ ಅವರು ಅದರ ಕೈಪಿಡಿಗೆ ಬರೆದ ಪ್ರಬಂಧವು ಮಾನವಾಕೃತಿಯ ಪಕ್ಷ ವಹಿಸಿ ವಾದಿಸಿತು. ಮನುಷ್ಯನನ್ನು ಅವನ ಸ್ಥಳ ಮತ್ತು ಕಥೆಗಳೊಡನೆ ಚಿತ್ರಿಸುವುದು ಆಧುನಿಕತೆಗೆ ವಿರೋಧವಲ್ಲ ಎಂಬುದು ಆ ಪ್ರದರ್ಶನದ ನಿಲುವಾಗಿತ್ತು. ಭಾರತೀಯ ಆಧುನಿಕ ಚಿತ್ರಕಲೆಯ ಚರಿತ್ರೆಯಲ್ಲಿ ಇದನ್ನು ಒಂದು ತಿರುವೆಂದು ಗುರುತಿಸುವುದು ಈಗ ರೂಢಿಯಾಗಿದೆ.

ಮರುವರ್ಷ, ೧೯೮೨ರ ಜನವರಿ ೧೮ರಂದು, ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಅದರಲ್ಲಿ ತೊಡಗಿದರು. ಗೆಲುವಾಗಲಿ ಒಪ್ಪಂದವಾಗಲಿ ಇಲ್ಲದೆ ಅದು ಕ್ರಮೇಣ ಕುಗ್ಗಿತು. ಅನೇಕರು ಕೆಲಸಕ್ಕೆ ಮರಳಲೇ ಇಲ್ಲ. ಪಟವರ್ಧನರು 'ಓವರ್‌ಬ್ರಿಜ್' (೧೯೮೧), 'ಆಕ್ಸಿಡೆಂಟ್ ಆನ್ ಮೇ ಡೇ' (೧೯೮೧) ಎಂಬ ಚಿತ್ರಗಳನ್ನು ಬರೆದದ್ದು ಈ ಮುಷ್ಕರದ ಹಿಂದಿನ ವರ್ಷ. ಅವನ್ನು ಮುಷ್ಕರದ ಮುನ್ಸೂಚನೆಯೆಂದು ಓದುವುದು ಇಂದಿನ ತಿಳಿವಳಿಕೆಯನ್ನು ಹಿಂದಕ್ಕೆ ಹೇರಿದಂತಾಗುತ್ತದೆ. ಆದರೆ ದುಡಿಮೆಗಾರನ ದೇಹವು ನಗರದ ಕೇಂದ್ರದಲ್ಲಿದ್ದ ಕೊನೆಯ ವರ್ಷಗಳ ಸಾಕ್ಷ್ಯವಾಗಿ ಅವುಗಳಿಗೆ ಚಾರಿತ್ರಿಕ ಬೆಲೆಯಿದೆ.

೫

ಈ ಚಿತ್ರಗಳಲ್ಲಿ ಮನುಷ್ಯಾಕೃತಿಯನ್ನು ಕಟ್ಟಿರುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಮೊದಲನೆಯದು ತೂಕ. ಪಟವರ್ಧನರ ಆರಂಭದ ಆಕೃತಿಗಳು ಗಟ್ಟಿಯಾಗಿ, ಭಾರವಾಗಿ, ಚೌಕಟ್ಟನ್ನು ತುಂಬಿಕೊಂಡು ನಿಲ್ಲುತ್ತವೆ. ಅಂಗಾಂಗಗಳ ಪ್ರಮಾಣದಲ್ಲಿ ಅಲ್ಪ ವಿಕಾರವಿದ್ದರೂ ಅದು ವ್ಯಂಗ್ಯಕ್ಕಾಗಿ ಬಂದದ್ದಲ್ಲ. ದುಡಿಮೆಯೂ ವಯಸ್ಸೂ ದೇಹದ ಮೇಲೆ ಬರೆದದ್ದನ್ನು ತೋರಿಸಲು ಬಂದದ್ದು. ಎರಡನೆಯದು ನೋಟ. ರವಿವರ್ಮನ ಅರಸನು ತನ್ನನ್ನು ನೋಡಲಾಗುತ್ತಿದೆಯೆಂದು ತಿಳಿದು ಕುಳಿತಿರುತ್ತಾನೆ. ಇಲ್ಲಿಯ ಮನುಷ್ಯ ತನ್ನ ಕೆಲಸದಲ್ಲಿಯೋ ದಣಿವಿನಲ್ಲಿಯೋ ಮುಳುಗಿರುತ್ತಾನೆ. ಚಿತ್ರಕ್ಕಾಗಿ ಅವನು ಸಿದ್ಧನಾಗಿಲ್ಲ. ಮೂರನೆಯದು ಸ್ಥಳ. ರೈಲು, ಮೇಲ್ಸೇತುವೆ, ಚಹದಂಗಡಿ ಇವು ಹಿನ್ನೆಲೆಯ ಪರದೆಗಳಾಗಿ ಬರುವುದಿಲ್ಲ. ಆ ಮನುಷ್ಯನ ನಿಲುವನ್ನು ನಿರ್ಧರಿಸುವ ಒತ್ತಡಗಳಾಗಿ ಬರುತ್ತವೆ.

ತಾವು ಚಿತ್ರಿಸಿದ ಜನರು ಆ ಆಕೃತಿಗಳಲ್ಲಿ ತಮ್ಮನ್ನು ತಾವೇ ಕಂಡುಕೊಳ್ಳುವಂತಾಗಬೇಕು ಎಂಬುದು ಪಟವರ್ಧನರು ಆ ದಿನಗಳಲ್ಲಿ ವ್ಯಕ್ತಪಡಿಸಿದ್ದ ಆಶಯ. ಇದು ಸುಲಭವಾದ ಆಶಯವಲ್ಲ. ನೋಡುವವನು ವೈದ್ಯ, ಓದಿದವನು, ಮಧ್ಯಮವರ್ಗದವನು. ನೋಡಿಸಿಕೊಳ್ಳುವವನಿಗೆ ಗ್ಯಾಲರಿಯ ಬಾಗಿಲು ತೆರೆದಿದ್ದರೂ ಒಳಗೆ ಬರುವ ರೂಢಿಯಿಲ್ಲ. ೨೦೦೪ರಲ್ಲಿ ರಂಜಿತ್ ಹೊಸಕೋಟೆಯವರು ಈ ಕಲಾವಿದರನ್ನು ಕುರಿತು ಬರೆದ ಪುಸ್ತಕಕ್ಕೆ 'ದ ಕಾಂಪ್ಲಿಸಿಟ್ ಅಬ್ಸರ್ವರ್' ಎಂದು ಹೆಸರಿಟ್ಟದ್ದು ಅರ್ಥಪೂರ್ಣವಾಗಿದೆ. ನೋಡುವವನು ತಾನು ನೋಡುತ್ತಿರುವ ವ್ಯವಸ್ಥೆಯಲ್ಲಿ ತಾನೂ ಭಾಗಿ ಎಂಬ ಅರಿವು ಆ ಶೀರ್ಷಿಕೆಯಲ್ಲಿದೆ. ಸಮಕಾಲೀನ ಭಾರತೀಯ ಕಲಾಕೃತಿಗಳನ್ನು ಮಹಾರಾಷ್ಟ್ರದ ಜಿಲ್ಲಾಪಟ್ಟಣಗಳಿಗೆ ಒಯ್ದ 'ವಿಸ್ತಾರಣಾರಿ ಕ್ಷಿತಿಜೆ' ಎಂಬ ಸಂಚಾರಿ ಪ್ರದರ್ಶನವನ್ನು ೨೦೦೮ರ ಸುಮಾರಿಗೆ ಪಟವರ್ಧನರೇ ಸಂಯೋಜಿಸಿದ್ದನ್ನು ಈ ಅರಿವಿನ ಮುಂದುವರಿಕೆಯೆಂದು ನಾವು ತಿಳಿಯುತ್ತೇವೆ.

ಮುಂದಿನ ವರ್ಷಗಳಲ್ಲಿ ಆಕೃತಿಯ ಗಾತ್ರ ಕುಗ್ಗಿ ನಗರದ ಹರಹು ಹೆಚ್ಚಿತು. 'ಟೌನ್' (೧೯೮೪) ಚಿತ್ರದಲ್ಲಿ ಒಬ್ಬ ಮನುಷ್ಯನ ಬದಲು ಒಂದು ಊರೇ ಭಾವಚಿತ್ರಕ್ಕೆ ಕುಳಿತಂತಿದೆ. 'ಲೋವರ್ ಪರೇಲ್' (೨೦೦೧) ಗಿರಣಿಗಳ ನೆಲ ಕೈಬದಲಾದ ಕಾಲದ್ದು. ಏಳು ಫಲಕಗಳ 'ಮುಂಬಯಿ ಪ್ರಾವರ್ಬ್ಸ್' (೨೦೧೪) ನಗರದ ಚರಿತ್ರೆಯನ್ನೇ ಹರಡಿಕೊಂಡಿದೆ. ನಡುವೆ ೧೯೯೬ರ 'ರಯಟ್' ಎಂಬ ಕೃತಿಯಿದೆ. ೧೯೯೨ರ ಡಿಸೆಂಬರ್ ಮತ್ತು ೧೯೯೩ರ ಜನವರಿಯ ಗಲಭೆಗಳಲ್ಲಿ ಮನುಷ್ಯನ ಹೆಸರೇ ಅವನಿಗೆ ಅಪಾಯದ ಗುರುತಾಗಬಲ್ಲದೆಂಬುದನ್ನು ಮುಂಬಯಿ ಕಂಡಿತ್ತು. ಅಂಥ ನಗರದಲ್ಲಿ ಮುಖವೊಂದನ್ನು ಹೆಸರಿಲ್ಲದೆ ಬರೆಯುವುದಕ್ಕೆ ಎಪ್ಪತ್ತರ ದಶಕದಲ್ಲಿ ಇಲ್ಲದಿದ್ದ ಇನ್ನೊಂದು ಅರ್ಥ ಸೇರಿಕೊಂಡಿತು. ಜಾತಿ, ಮತ, ಭಾಷೆಗಳ ಗುರುತು ಕೇಳದೆಯೇ ಒಬ್ಬನನ್ನು ದಿಟ್ಟಿಸಿ ನೋಡಬಹುದೆಂಬ ನಂಬಿಕೆ ಅದು.

೬

೨೦೧೯ರ ನವೆಂಬರ್ ಕೊನೆಯಲ್ಲಿ ಮುಂಬಯಿಯ ರಾಷ್ಟ್ರೀಯ ಆಧುನಿಕ ಕಲಾಗ್ಯಾಲರಿಯಲ್ಲಿ ಆರಂಭವಾಗಿ ೨೦೨೦ರ ಫೆಬ್ರವರಿಯವರೆಗೆ ನಡೆದ 'ವಾಕಿಂಗ್ ಥ್ರೂ ಸೋಲ್ ಸಿಟಿ' ಎಂಬ ಸಿಂಹಾವಲೋಕನ ಪ್ರದರ್ಶನವು ಈ ಎಲ್ಲ ಘಟ್ಟಗಳನ್ನು ಒಂದೆಡೆ ತಂದಿತು. ಅದನ್ನು ಸಂಯೋಜಿಸಿದವರು ನ್ಯಾನ್ಸಿ ಅದಜಾನಿಯಾ. ೧೯೧೧ರಲ್ಲಿ ನಗರದ ಸಾರ್ವಜನಿಕ ಸಭಾಭವನವಾಗಿ ನಿರ್ಮಾಣವಾದ ಸರ್ ಕಾವಸ್‌ಜಿ ಜಹಾಂಗೀರ್ ಹಾಲು ೧೯೯೬ರಲ್ಲಿ ಈ ಗ್ಯಾಲರಿಯಾಗಿ ರೂಪಾಂತರಗೊಂಡಿತು. ಸಭೆ ಸಮಾರಂಭಗಳಿಗಾಗಿ ಪಾರಸಿ ದಾನಿಯೊಬ್ಬರ ಹೆಸರಿನಲ್ಲಿ ನಿಂತ ಭವನದ ಹಲವು ಅಂತಸ್ತುಗಳಲ್ಲಿ ಹೆಸರಿಲ್ಲದ ಪ್ರಯಾಣಿಕರ, ಕೂಲಿಕಾರರ, ಬೀದಿಬದಿಯವರ ಆಕೃತಿಗಳು ತೂಗಾಡಿದವು. ದಾನಿಯ ಹೆಸರು ಬಾಗಿಲಿನ ಮೇಲೆ, ದುಡಿದವರ ಮುಖ ಒಳಗೋಡೆಯ ಮೇಲೆ ಎಂಬ ಈ ಸನ್ನಿವೇಶ ಯಾರೂ ಯೋಜಿಸಿದ್ದಲ್ಲದಿರಬಹುದು. ಆದರೆ ನಮ್ಮ ಪ್ರಶ್ನೆಗೆ ಅದು ಒಳ್ಳೆಯ ದೃಷ್ಟಾಂತ.

ಸೋಮೇಶ್ವರನ ವಿಂಗಡಣೆಗೆ ಈಗ ಮರಳಬಹುದು. ಪಟವರ್ಧನರ ಆಕೃತಿಗಳು ಕನ್ನಡಿಯ ಪ್ರತಿಬಿಂಬವಲ್ಲ, ಏಕೆಂದರೆ ಅವು ಒಬ್ಬ ನಿರ್ದಿಷ್ಟ ವ್ಯಕ್ತಿಯ ಮುಂದೆ ಹಿಡಿದು ಹೋಲಿಸಿ ನೋಡುವಂಥವಲ್ಲ. ಶಾಸ್ತ್ರೋಕ್ತ ಭಾವಚಿತ್ರವೂ ಅಲ್ಲ, ಏಕೆಂದರೆ ನೋಡಿದೊಡನೆ ಇದು ಕರುಣ, ಇದು ವೀರ ಎಂದು ಹೇಳಲು ಅವು ಬಿಡುವುದಿಲ್ಲ. ವಿದ್ಧದ ನಿಖರತೆಯನ್ನು ಉಳಿಸಿಕೊಂಡು ಅದನ್ನು ಹೆಸರಿನಿಂದ ಬಿಡಿಸಿದ್ದು, ಭಾವವನ್ನು ಉಳಿಸಿಕೊಂಡು ಅದನ್ನು ರಸದ ಸಿದ್ಧಸೂತ್ರದಿಂದ ಬಿಡಿಸಿದ್ದು ಅವರ ಸಾಧನೆ. ಎರಡು ವರ್ಗಗಳನ್ನು ಅರಿಯದೆಯೇ ಕೂಡಿಸಿಕೊಂಡ ನಮ್ಮ ಆಧುನಿಕ ಪದ 'ಭಾವಚಿತ್ರ'ವು ಅರಸರ ಪಟಗಳಿಗಿಂತ ಈ ಚಿತ್ರಗಳಿಗೇ ಹೆಚ್ಚು ಒಪ್ಪುತ್ತದೆ.

೭

ಹೊರನಾಡ ಕನ್ನಡಿಗರ ಚರಿತ್ರೆಗೆ ಇದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಈ ಕ್ಯಾನ್ವಾಸುಗಳಲ್ಲಿರುವವರಲ್ಲಿ ಕನ್ನಡಿಗರೆಷ್ಟು ಎಂದು ಹುಡುಕುವುದು ವ್ಯರ್ಥ. ಚಿತ್ರಗಳು ಅದನ್ನು ಹೇಳುವುದಿಲ್ಲ, ಹೇಳಬಯಸುವುದೂ ಇಲ್ಲ. ಪ್ರಯೋಜನವಿರುವುದು ನಮ್ಮದೇ ಆಕರಗಳನ್ನು ನೋಡುವ ರೀತಿಯಲ್ಲಿ.

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಸಂಘಸಂಸ್ಥೆಗಳ ಮೂಲಕ ಬರೆದಿದ್ದೇವೆ. ೧೯೦೨ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಮೊದಲ್ಗೊಂಡು ಹಲವಾರು ಸಂಘಗಳು, ಪತ್ರಿಕೆಗಳು, ಹೋಟೆಲು ಕೆಲಸದ ಹುಡುಗರಿಗಾಗಿ ನಡೆದ ಕನ್ನಡ ರಾತ್ರಿಶಾಲೆಗಳು ಈ ಚರಿತ್ರೆಯ ಕಂಬಗಳು. ೧೯೪೨ರಲ್ಲಿ ಮಾಟುಂಗದಲ್ಲಿ ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಭೋಜನಗೃಹಗಳ ಕಥೆಯೂ ಇದರಲ್ಲಿ ಸೇರಿದೆ. ಸ್ಥಾಪಕರ ಹೆಸರು ನಮಗೆ ಗೊತ್ತು, ಅವರ ಭಾವಚಿತ್ರಗಳೂ ಉಂಟು. ಅಡುಗೆಮನೆಯಲ್ಲಿ, ಬಡಿಸುವ ಸಾಲಿನಲ್ಲಿ, ತಟ್ಟೆ ತೊಳೆಯುವ ತೊಟ್ಟಿಯ ಬಳಿ ದುಡಿದು, ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತವರದು?

ಸಂಘಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿದರೆ ಉತ್ತರ ದೊರೆಯುತ್ತದೆ. ಅಧ್ಯಕ್ಷರಿಗೆ, ದಾನಿಗಳಿಗೆ ಬಿಡಿಬಿಡಿಯಾದ ಚಿತ್ರವೂ ಕೆಳಗೆ ಪೂರ್ತಿ ಹೆಸರೂ ಇರುತ್ತವೆ. ಸಮೂಹ ಛಾಯಾಚಿತ್ರವಾದರೆ 'ಕುಳಿತವರು, ಎಡದಿಂದ' ಎಂದು ಮುಂದಿನ ಸಾಲಿನವರ ಹೆಸರುಗಳನ್ನು ಕೊಟ್ಟು, ನಿಂತವರ ಸಾಲಿಗೆ 'ವಿದ್ಯಾರ್ಥಿಗಳು' ಅಥವಾ 'ಕಾರ್ಯಕರ್ತರು' ಎಂಬ ಒಂದೇ ಮಾತು ಸಾಕೆನ್ನಿಸಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಸಂಪುಟಗಳು ಮಾಡಿದ್ದನ್ನೇ, ಉದ್ದೇಶ ಬೇರೆಯಾದರೂ, ನಾವೂ ಮಾಡಿದ್ದೇವೆ. ಮುಖವನ್ನು ಉಳಿಸಿ ವ್ಯಕ್ತಿಯನ್ನು ವರ್ಗದೊಳಕ್ಕೆ ಇಳಿಸಿದ್ದೇವೆ. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಕೆಲಸ ಮಾಡುವ ಸಂಶೋಧಕರೂ ತಮ್ಮ ಕೈಯಲ್ಲಿರುವ ಚಿತ್ರಗಳನ್ನು ಈ ದೃಷ್ಟಿಯಿಂದ ಒಮ್ಮೆ ಪರೀಕ್ಷಿಸುವುದು ಉಚಿತ. ಇಲ್ಲಿ ಹೆಸರಿದೆಯೇ, ಮುಖವಿದೆಯೇ, ದುಡಿಮೆಯ ಸ್ಥಳವಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಚಿತ್ರಕ್ಕೂ ಕೇಳಿ, ಯಾವುದು ಇಲ್ಲವೋ ಅದು ಏಕಿಲ್ಲವೆಂದು ಯೋಚಿಸಬೇಕು.

ಇಲ್ಲಿ ಚಿತ್ರಕಾರನ ಹೊಣೆಗೂ ಚರಿತ್ರಕಾರನ ಹೊಣೆಗೂ ಇರುವ ವ್ಯತ್ಯಾಸವನ್ನು ಮರೆಯುವಂತಿಲ್ಲ. ಚಿತ್ರಕಾರನು ಹೆಸರನ್ನು ಬಿಡಬಹುದು. ಬಿಟ್ಟದ್ದರಿಂದಲೇ ಪಟವರ್ಧನರ ಮನುಷ್ಯ ಯಾವ ಪಟ್ಟಿಗೂ ಸೇರದೆ ನಮ್ಮೆದುರು ನಿಲ್ಲುತ್ತಾನೆ, ಯಾರು ಬೇಕಾದರೂ ಅವನಲ್ಲಿ ತಮ್ಮ ತಂದೆಯನ್ನೋ ತಮ್ಮನ್ನೋ ಕಾಣಬಹುದು. ಚರಿತ್ರಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ಸಿಗಬಹುದಾದ ಹೆಸರನ್ನು ಅವನು ಹುಡುಕಲೇಬೇಕು. ಸಮೂಹಚಿತ್ರದ ಹಿಂದಿನ ಸಾಲಿನಲ್ಲಿ ನಿಂತವರನ್ನು ನೋಡಿ ಇವನು ಇಂಥವನು, ಇಂಥ ಊರಿನವನು, ಇಂಥ ಹೋಟೆಲಿನಲ್ಲಿದ್ದನು ಎಂದು ಹೇಳಬಲ್ಲ ಹಿರಿಯರು ನಮ್ಮ ಎಲ್ಲ ನಗರಗಳಲ್ಲಿಯೂ ಕಡಿಮೆಯಾಗುತ್ತಿದ್ದಾರೆ. ಅವರ ಮುಂದೆ ಆ ಚಿತ್ರಗಳನ್ನು ಇಟ್ಟು, ಕೇಳಿ, ಬರೆದುಕೊಳ್ಳುವ ಕೆಲಸಕ್ಕೆ ದೊಡ್ಡ ಯೋಜನೆಯಾಗಲಿ ಅನುದಾನವಾಗಲಿ ಬೇಕಿಲ್ಲ. ದನಗಳ ಬೆನ್ನು ಹತ್ತಿ ಹೋಗಿ ಸತ್ತವನ ಹೆಸರನ್ನು ಕಲ್ಲಿನಲ್ಲಿ ಕೊರೆಸಿದ ನಾಡಿನಿಂದ ಬಂದವರಿಗೆ ಇದು ಹೊಸ ಕೆಲಸವೂ ಅಲ್ಲ.